ಹಾಳೂರುಗಳನ್ನು ತೋರಿಸುತ್ತಿದ್ದವರು

ಅಪ್ಪನ ವರ್ಷಾಬ್ದಿಕ ಮುಗಿಸಿಕೊಂಡು ಅಮ್ಮ ನಮ್ಮ ಮನೆಗೆ ಬಂದಳು. ಅಪ್ಪನಿಗೆ ಮರೆವಿನ ಕಾಯಿಲೆ ಹಿಡಿದ ಮೇಲೆ ಅವಳು ಮೈಸೂರು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಆ ವರ್ಷಗಳಲ್ಲಿ ನಾನು ಇಲ್ಲಿಂದ ಫೋನ್ ಮಾಡಿದಾಗಲೆಲ್ಲ "ಚೆನ್ನಾಗಿದಾರೆ, ಊಟ ಆಯ್ತು, ಮಲಗಿದಾರೆ" ಎನ್ನುತ್ತಿದ್ದಳು. ರಜೆಯಲ್ಲಿ ಹೋದಾಗ ನಾನು ಕಂಡದ್ದೂ ಅಷ್ಟೆ: ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ನನ್ನನ್ನು ಕಂಡು ಯಾರೋ ನೆಂಟರು ಬಂದರೆಂಬಂತೆ ಮರ್ಯಾದೆಯಿಂದ ನಗುತ್ತಿದ್ದ ಅಪ್ಪ.

ಅಮೆರಿಕದ ಮಿಲ್ ಕ್ರೀಕ್‌ನ ನಮ್ಮ ಮನೆಯಲ್ಲಿ ಅಮ್ಮ ದಿನವೆಲ್ಲ ಬಟ್ಟೆ ಮಡಚುತ್ತ ಕೂರುತ್ತಿದ್ದಳು. ಮಡಚಿದ್ದನ್ನೇ ಮತ್ತೆ ಬಿಡಿಸಿ ಮಡಚುತ್ತಿದ್ದಳು. ಸಿಯಾಟಲ್ ನೋಡೋಣ, ಜಲಪಾತಕ್ಕೆ ಹೋಗೋಣ, ಮುಕಿಲ್ಟಿಯೊದಿಂದ ಫೆರಿ ದೋಣಿ ಹತ್ತೋಣ ಎಂದು ನನ್ನ ಗಂಡ ಏನು ಹೇಳಿದರೂ "ನೀವು ಹೋಗ್ಬನ್ನಿ, ನಾನು ಮನೇಲಿರ್ತೀನಿ" ಎಂಬ ಒಂದೇ ಉತ್ತರ. ಒಂದು ಸಂಜೆ ನಾನು ಲೈಬ್ರರಿಯಿಂದ ತಂದ ಕಾಗದಗಳ ನಡುವೆ ಒಂದು ಚಿತ್ರ ಅವಳ ಕಣ್ಣಿಗೆ ಬಿತ್ತು. ಬಯಲಿನಲ್ಲಿ ವಾಲಿಕೊಂಡು ನಿಂತ ಒಂದು ಮರದ ಶಾಲೆ. ಇದೇನು ಎಂದು ಕೇಳಿದಳು. ಪರ್ವತದ ಆಚೆ, ಹಳೆಯ ಹೆದ್ದಾರಿಯ ಪಕ್ಕದಲ್ಲಿರುವ ಹಾಳೂರುಗಳನ್ನು ವ್ಯಾನಿನಲ್ಲಿ ಒಂದು ದಿನ ಸುತ್ತಿಸಿ ತೋರಿಸುತ್ತಾರಂತೆ ಎಂದೆ.

"ಜನ ಬಿಟ್ಟುಹೋದ ಊರನ್ನ ನೋಡಕ್ಕೆ ಜನ ಹೋಗ್ತಾರಾ?"

"ಹೋಗ್ತಾರಮ್ಮ."

"ಏನು ನೋಡ್ತಾರೆ ಅಲ್ಲಿ?" ಎಂದು ಚಿತ್ರವನ್ನು ಇನ್ನೊಮ್ಮೆ ಕೈಗೆತ್ತಿಕೊಂಡಳು. ಅಮೆರಿಕಕ್ಕೆ ಬಂದ ಮೇಲೆ ಅವಳು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ಮರುದಿನವೇ ಇಬ್ಬರಿಗೂ ಸೀಟು ಗೊತ್ತುಮಾಡಿದೆ.

ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ ವ್ಯಾನು ಹೊರಟಿತು. ತೋರಿಸುವವರೇ ಡ್ರೈವ್ ಮಾಡುತ್ತಿದ್ದರು. ಎಪ್ಪತ್ತು ದಾಟಿದ, ಎತ್ತರದ, ಅಗಲ ಅಂಚಿನ ಹ್ಯಾಟು ಹಾಕಿದ ಮನುಷ್ಯ. ವಿಮಾನದ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಮೇಲೆ ಇದನ್ನು ಇಷ್ಟಪಟ್ಟು ಮಾಡುತ್ತಿದ್ದರು. ಅವರ ಹೆಂಡತಿ, ಬೆಳ್ಳಿಕೂದಲನ್ನು ಕಿವಿಯವರೆಗೆ ಕತ್ತರಿಸಿಕೊಂಡ ಸಣ್ಣ ಹೆಂಗಸು, ಅವರ ಹಿಂದಿನ ಸೀಟಿನಲ್ಲೇ ಕುಳಿತಿದ್ದರು. ನಮ್ಮನ್ನು ಬಿಟ್ಟರೆ ಕ್ಯಾಮೆರಾ ಹಿಡಿದ ಒಂದು ಜೋಡಿ ಮತ್ತು ವಯಸ್ಸಾದ ಅಕ್ಕತಂಗಿಯರು.

ಘಾಟಿ ಹತ್ತುವವರೆಗೆ ಮಂಜು, ಒದ್ದೆ ಮರಗಳು. ಇಳಿಯುತ್ತಿದ್ದಂತೆ ಮರಗಳು ವಿರಳವಾಗಿ, ಸೇಬಿನ ತೋಟಗಳು ಬಂದು, ದೊಡ್ಡ ನದಿಯನ್ನು ದಾಟಿ ಮೇಲಿನ ಬಯಲಿಗೆ ಹತ್ತಿದಾಗ ಹಸಿರೆಲ್ಲ ಮುಗಿದಿತ್ತು. ಮರುಭೂಮಿಯೆಂದರೆ ಮರಳಿನ ದಿಬ್ಬಗಳಲ್ಲ. ಬೂದು ಬಣ್ಣದ ಕುರುಚಲು ಗಿಡ, ಕಪ್ಪು ಬಂಡೆ, ನಡುನಡುವೆ ಒಣಗಿದ ಗೋಧಿ ಹೊಲ, ಉಳಿದದ್ದೆಲ್ಲ ಆಕಾಶ.

"ಅಲ್ಲಿ ಅಷ್ಟೊಂದು ಮಳೆ, ಇಲ್ಲಿ ಹನಿ ಇಲ್ಲ" ಎಂದಳು ಅಮ್ಮ.

"ಬೆಟ್ಟ ತಡೆದುಬಿಡತ್ತಂತೆ."

ಮೊದಲ ಊರಿನಲ್ಲಿ ಉಳಿದಿದ್ದದ್ದು ಒಂದು ಅಂಗಡಿಯ ಮುಂಗೋಡೆ, ತುಕ್ಕು ಹಿಡಿದ ಪೆಟ್ರೋಲ್ ಪಂಪು ಮತ್ತು ಚಿತ್ರದಲ್ಲಿದ್ದ ಶಾಲೆ. ಅವರು ಕಥೆಯನ್ನು ಚೆನ್ನಾಗಿ ಹೇಳುತ್ತಿದ್ದರು. ಜಮೀನು ಸಿಗುತ್ತದೆಂದು ದೂರದೂರದಿಂದ ಜನ ಬಂದದ್ದು, ಒಂದೆರಡು ಒಳ್ಳೆಯ ಮಳೆ ನೋಡಿ ನಂಬಿ ಮನೆ ಕಟ್ಟಿದ್ದು, ಆಮೇಲೆ ಮಳೆ ಹೋದದ್ದು, ರೈಲು ನಿಂತದ್ದು, ಹೊಸ ರಸ್ತೆ ಬೇರೆ ಕಡೆ ಹಾದು ವಾಹನಗಳೂ ಬಾರದಂತಾದದ್ದು. ಕೊನೆಗೆ ಊರಲ್ಲಿ ಮೂರೇ ಜನ ಉಳಿದರಂತೆ. ಮೇಯರ್ ಯಾರಾಗಬೇಕೆಂದು ಚುನಾವಣೆ ನಡೆಯಿತಂತೆ. ಇಲ್ಲಿ ಅವರು ಮೂರು ಬೆರಳೆತ್ತಿ, ನಮ್ಮನ್ನೆಲ್ಲ ಒಮ್ಮೆ ನೋಡಿ, ಮೂವರಿಗೂ ಒಂದೊಂದೇ ಓಟು ಬಿತ್ತು ಎಂದರು. ಎಲ್ಲರೂ ನಕ್ಕೆವು. ಅಮ್ಮನಿಗೆ ನಾನು ಕನ್ನಡದಲ್ಲಿ ಹೇಳಿದೆ. ಅವಳೂ ನಕ್ಕಳು.

ಎರಡನೆಯ ಊರು ಸ್ವಲ್ಪ ದೂರದಲ್ಲಿತ್ತು. ಒಂದು ಮರದ ಚರ್ಚು, ಬಾಗಿಲಿಗೆ ಹಲಗೆ ಹೊಡೆದದ್ದು. ಅವರು ಅದರ ಮೆಟ್ಟಿಲ ಮೇಲೆ ನಿಂತು ಜನ ಬಂದದ್ದು, ಮಳೆ ಹೋದದ್ದು ಹೇಳಿದರು. ಮತ್ತೆ ಮೂರು ಬೆರಳೆತ್ತಿದರು. ಅದೇ ಚುನಾವಣೆ, ಅದೇ ಓಟು. ಕ್ಯಾಮೆರಾದವರು ಮರ್ಯಾದೆಗೆ ನಕ್ಕರು. ಎರಡೂ ಊರಲ್ಲಿ ಹಾಗೇ ಆಗಿರಬಹುದು ಎಂದು ನಾನು ಸುಮ್ಮನಾದೆ. ಅಮ್ಮ ನನ್ನ ಮೊಣಕೈ ಮುಟ್ಟಿದಳು.

"ಆಗ್ಲೇ ಹೇಳಿದ್ದನ್ನೇ ಹೇಳಿದ್ರಲ್ವಾ?"

"ನಿಂಗೆ ಹೇಗೆ ಗೊತ್ತಾಯ್ತು?"

"ಕೈ ನೋಡ್ದೆ. ಆಯಮ್ಮನ್ನೂ ನೋಡು. ಅವರು ಹೇಳೋಕೆ ಮುಂಚೆನೇ ಇವರ ತುಟಿ ಆಡತ್ತೆ."

ನೋಡಿದೆ. ಗಂಡ ಒಂದು ಹೆಸರಿಗೆ ತಡವರಿಸಿದಾಗ ಆಕೆ ಮೆಲ್ಲಗೆ, ಕೆಮ್ಮುವ ಹಾಗೆ, ಅದನ್ನು ಒದಗಿಸುತ್ತಿದ್ದರು. ಅವರು ಎತ್ತಿಕೊಂಡು ಮುಂದುವರಿಸುತ್ತಿದ್ದರು. ಇಷ್ಟು ಹೊತ್ತು ಇಂಗ್ಲಿಷ್ ಮಾತನ್ನೇ ಕೇಳುತ್ತಿದ್ದ ನನಗೆ ಇದು ಕಂಡಿರಲಿಲ್ಲ.

ಚರ್ಚಿನ ನೆರಳಿನಲ್ಲೇ ಊಟ. ನಾವು ಚಿತ್ರಾನ್ನ, ಮೊಸರನ್ನ ತಂದಿದ್ದೆವು. ಆಕೆ ಸ್ಯಾಂಡ್‌ವಿಚ್ಚಿನ ಕಾಗದ ಬಿಚ್ಚಿ, ಅರ್ಧ ಮಾಡಿ, ಒಂದರ್ಧವನ್ನು ಗಂಡನ ಕೈಗೆ ಹಿಡಿಸಿದರು. ಅವರು ತಿಂದು ಮುಗಿಸುವವರೆಗೆ ತಾವು ಮುಟ್ಟಲಿಲ್ಲ. ಅಮ್ಮ ಅದನ್ನೇ ನೋಡುತ್ತಿದ್ದಳು. ಆಮೇಲೆ ಒಂದು ಡಬ್ಬಿಯ ಮುಚ್ಚಳದಲ್ಲಿ ಚಿತ್ರಾನ್ನ ಹಾಕಿ ಆಕೆಯ ಮುಂದಿಟ್ಟು, ತಿನ್ನಿ ಎಂದು ಕೈಸನ್ನೆ ಮಾಡಿದಳು. ಆಕೆ ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ಎಲ್ಲವನ್ನೂ ತಿಂದರು.

ಮೂರನೆಯ ಊರಿಗೆ ಹೆದ್ದಾರಿ ಬಿಟ್ಟು ಮಣ್ಣಿನ ರಸ್ತೆಗೆ ಇಳಿಯಬೇಕಿತ್ತು. ಗೋಧಿ ಹೊಲಗಳ ನಡುವೆ ರಸ್ತೆ ಕವಲೊಡೆದ ಕಡೆ ಹೆಂಡತಿ ಏನೋ ಹೇಳಿದರು. ಅವರು ಕೇಳದೆ ಎಡಕ್ಕೆ ತಿರುಗಿಸಿದರು. ದೂಳೆಬ್ಬಿಸಿಕೊಂಡು ಬಹಳ ದೂರ ಹೋದ ವ್ಯಾನು ಒಂದು ತಂತಿ ಬೇಲಿಯ ಎದುರು ನಿಂತಿತು. ಮುಂದೆ ರಸ್ತೆಯಿಲ್ಲ. ಅವರು ಕೀ ತೆಗೆದುಕೊಂಡು ಇಳಿದು, ಬೇಲಿ ಹಿಡಿದು ನಿಂತರು.

"ಇಲ್ಲೇ ಇತ್ತು" ಎಂದರು. "ಹೋಟೆಲ್ಲು, ಕಮ್ಮಾರನ ಅಂಗಡಿ, ಎಲ್ಲ ಇಲ್ಲೇ ಇತ್ತು. ಯಾರೋ ಎತ್ತಿಕೊಂಡು ಹೋಗಿದ್ದಾರೆ."

ಕ್ಯಾಮೆರಾದವರು ನಿಜವೆಂದೇ ನಂಬಿದರು. ಹಳೆಯ ಮರದ ದಿಮ್ಮಿಗೆ ಈಗ ಬೇಡಿಕೆ ಇದೆ, ಕದ್ದುಕೊಂಡು ಹೋಗುತ್ತಾರೆ ಎಂದು ಒಬ್ಬರು ಬೇಸರದಿಂದ ಹೇಳಿದರು. ಆದರೆ ನೆಲದಲ್ಲಿ ಒಂದು ಅಡಿಪಾಯದ ಕಲ್ಲೂ ಇರಲಿಲ್ಲ. ಹೆಂಡತಿ ಹತ್ತಿರ ಹೋಗಿ ಕೀ ಕೇಳಿದರು. ಅವರು ಮುಷ್ಟಿ ಬಿಗಿ ಹಿಡಿದು, ನೀನು ಯಾವಾಗಲೂ ನನ್ನಿಂದ ಕಿತ್ತುಕೊಳ್ಳುತ್ತೀಯ ಎಂದು ಗದರಿದರು. ಬೆಳಿಗ್ಗೆಯಿಂದ ದನಿಯನ್ನೇ ಏರಿಸದಿದ್ದ ಮನುಷ್ಯ. ವ್ಯಾನಿನೊಳಗೆ ಎಲ್ಲರೂ ಬೇರೆ ಬೇರೆ ಕಡೆ ನೋಡತೊಡಗಿದರು.

ಅಮ್ಮ ಇಳಿದಳು. ನಾನು ಹಿಂದೆಯೇ ಹೋದೆ. ಅವಳು ಸೆರಗನ್ನು ತಲೆಗೆ ಎಳೆದುಕೊಂಡು ಅವರ ಪಕ್ಕದಲ್ಲಿ, ಒಂದು ಮಾರು ದೂರ ಬಿಟ್ಟು, ತಾನೂ ಬೇಲಿಯಾಚೆ ನೋಡುತ್ತ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ನೀರಿನ ಬಾಟಲಿ ಚಾಚಿ, ಕನ್ನಡದಲ್ಲೇ "ಬಿಸಿಲು ಜಾಸ್ತಿ ಇದೆ, ಒಂದು ಗುಟುಕು ಕುಡೀರಿ" ಎಂದಳು. ಅವರು ಅವಳನ್ನು ನೋಡಿದರು, ಸೀರೆ ನೋಡಿದರು, ಬಾಟಲಿ ತೆಗೆದುಕೊಂಡು ಕುಡಿದರು. ಆದರೆ ಕೀ ಕೊಡಲಿಲ್ಲ. ವ್ಯಾನಿನ ನೆರಳಿನಲ್ಲಿ ನೆಲದ ಮೇಲೆ ಕುಳಿತುಬಿಟ್ಟರು. ನಾವೂ ಕಾದೆವು. ಗಾಳಿ ಬೀಸುತ್ತಿತ್ತು, ಗೋಧಿ ಸದ್ದು ಮಾಡುತ್ತಿತ್ತು. ಕೊನೆಗೆ ಅವರು ತಾವಾಗಿಯೇ ಎದ್ದು, ಏನೂ ಆಗದವರ ಹಾಗೆ, ಕೀಯನ್ನು ಹೆಂಡತಿಯ ಕೈಗಿಟ್ಟು ಹಿಂದಿನ ಸೀಟಿಗೆ ಹತ್ತಿದರು.

ಆಕೆ ಡ್ರೈವರ್ ಸೀಟಿನಲ್ಲಿ ಕುಳಿತು ಕನ್ನಡಿ ಸರಿಪಡಿಸಿಕೊಂಡರು. ನಾನು ಓಡಿಸಲೇ ಎಂದು ಕೇಳಿದೆ. ಬೇಡ, ಹೋದ ತಿಂಗಳೂ ವಾಪಸು ನಾನೇ ಓಡಿಸಿದ್ದು ಎಂದರು. ಬೇರೆಯವರಿಗೆ ಕೇಳಿಸದಂತೆ, ನಾನು ಈ ಪ್ರವಾಸಗಳನ್ನು ನಿಲ್ಲಿಸಬೇಕಿತ್ತು, ಆದರೆ ಇದೊಂದೇ ಅವರಿಗೆ ಉಳಿದಿರುವುದು ಎಂದೂ ಹೇಳಿದರು.

ಅಮ್ಮ ಹೋಗಿ ಹಿಂದಿನ ಸೀಟಿನಲ್ಲಿ ಆತನ ಪಕ್ಕ ಕುಳಿತಳು. ನಾನು ಅವರ ಹಿಂದೆ. ದಾರಿಯುದ್ದಕ್ಕೂ ಅವರು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ಅಮ್ಮ "ಹೌದಾ", "ಆಮೇಲೆ?" ಎನ್ನುತ್ತಿದ್ದಳು. ಅವರಿಗೆ ಅದು ಸಾಕಾಗಿತ್ತು. ನದಿ ದಾಟುವಾಗ ಅವರು ಗಡಿಯಾರ ನೋಡಿಕೊಂಡು ಒಂದೇ ಮಾತನ್ನು ಮತ್ತೆ ಮತ್ತೆ ಹೇಳತೊಡಗಿದರು.

"ಏನಂತಾರೆ?" ಎಂದು ಅಮ್ಮ ತಿರುಗಿದಳು.

"ಅವರಮ್ಮ ಊಟಕ್ಕೆ ಕಾಯ್ತಿರ್ತಾರಂತೆ. ತಡ ಆಗೋಯ್ತು ಅಂತಿದಾರೆ."

ಅಮ್ಮ ಅವರಿಗೆ "ಇನ್ನೇನು ಬಂದ್ಬಿಡತ್ತೆ" ಎಂದಳು. ಅವರು ತಲೆಯಾಡಿಸಿ, ಕಿಟಕಿಗೆ ಒರಗಿ ಕಣ್ಣು ಮುಚ್ಚಿದರು. ಘಾಟಿಯ ತಿರುವುಗಳಲ್ಲಿ ಅವರ ತಲೆ ಗಾಜಿಗೆ ಬಡಿಯುತ್ತಿತ್ತು. ಅಮ್ಮ ತನ್ನ ಸ್ವೆಟರನ್ನು ಮಡಚಿ ನಡುವೆ ಇಟ್ಟಳು. ಆಮೇಲೆ ಹಿಂದಕ್ಕೆ ತಿರುಗದೆ, ಮುಂದಿನ ರಸ್ತೆ ನೋಡುತ್ತಲೇ ನನಗೆ ಹೇಳಿದಳು.

"ಕೊನೆಕೊನೆಗೆ ನಿಮ್ಮಪ್ಪಂಗೆ ನಾನು ಯಾರು ಅಂತಾನೇ ಗೊತ್ತಾಗ್ತಿರಲಿಲ್ಲ. ಅಡಿಗೆಯವಳು ಅಂದ್ಕೊಂಡಿದ್ರು."

ನಾನು ಸೀಟಿನಲ್ಲಿ ಮುಂದಕ್ಕೆ ಬಾಗಿದೆ.

"ಬೈತಿರ್ಲಿಲ್ಲ, ಪಾಪ. ಸಾಯಂಕಾಲ ಆದ್ರೆ, 'ಕತ್ತಲಾಗ್ತಿದೆ, ನೀವಿನ್ನು ಮನೆಗೆ ಹೋಗಿ, ನಿಮ್ಮನೇಲಿ ಕಾಯ್ತಿರ್ತಾರೆ' ಅನ್ನೋರು. ಹೋಗಲ್ಲ ಅಂದ್ರೆ ಚಡಪಡಿಸೋರು. ಅದಕ್ಕೆ ಚಪ್ಪಲಿ ಹಾಕ್ಕೊಂಡು, ಬರ್ತೀನಿ ಅಂತ ಹೇಳಿ, ಗೇಟು ತೆಗೆದು ಆಚೆ ಹೋಗಿ ನಿಂತ್ಕೋತಿದ್ದೆ. ಅವರು ಬಾಗಿಲು ಹಾಕ್ಕೊಂಡು ಮಲಗಿದ ಮೇಲೆ ಹಿತ್ತಲಿಂದ ಒಳಗೆ ಬರ್ತಿದ್ದೆ."

"ದಿನಾನೂನಾ?"

"ದಿನಾನೂ. ಮಳೆ ಬಂದ್ರೆ ಎದುರುಮನೆ ಶೀಟಿನ ಕೆಳಗೆ. ಏನ್ರೀ ಇಲ್ಲಿ ನಿಂತಿದೀರ ಅಂತ ಯಾರಾದ್ರೂ ಕೇಳಿದ್ರೆ ತರಕಾರಿಯವನು ಬರ್ತಾನೇನೋ ಅಂತ ನೋಡ್ತಿದೀನಿ ಅನ್ನೋದು." ಜಾರಿದ ಸ್ವೆಟರನ್ನು ಮತ್ತೆ ಸರಿಮಾಡಿ, "ನಾಕು ದಿನದ ಮಟ್ಟಿಗೆ ಹೀಗೆ ಮಾಡಿದ್ರೆ ಸರಿಹೋಗತ್ತೆ ಅನ್ಕೊಂಡಿದ್ದೆ" ಎಂದಳು.

ಅಪ್ಪ ಹೋದಾಗ ಅಮ್ಮ ಅತ್ತದ್ದನ್ನು ನಾನು ನೋಡಿರಲಿಲ್ಲ. ಬಂದವರಿಗೆಲ್ಲ ಚಾಪೆ ಹಾಸುತ್ತ, ಕಾಫಿ ಆಯಿತೇ ಎಂದು ವಿಚಾರಿಸುತ್ತ ಓಡಾಡಿದ್ದಳು. ಈಗ ಆ ವ್ಯಾನಿನಲ್ಲಿ, ನಿದ್ದೆಹೋದ ಅಪರಿಚಿತರ ಪಕ್ಕದಲ್ಲಿ, ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ನಾನು ಹಿಂದಿನಿಂದ ಅವಳ ಭುಜ ಹಿಡಿದುಕೊಂಡೆ. ಗೇಟಿನ ಆಚೆ ನಿಂತವಳಿಗೂ ನಾನು ಇಲ್ಲಿಂದ ಫೋನ್ ಮಾಡಿರಬಹುದು. ಆಗಲೂ ಅವಳು ಚೆನ್ನಾಗಿದಾರೆ, ಮಲಗಿದಾರೆ ಎಂದಿರಬೇಕು. ಕನ್ನಡಿಯಲ್ಲಿ ಆಕೆ ಅಮ್ಮನನ್ನು ಒಮ್ಮೆ ನೋಡಿ, ದೃಷ್ಟಿಯನ್ನು ರಸ್ತೆಗೆ ಮರಳಿಸಿದರು.

ಅದೇ ಕೊನೆಯ ಪ್ರವಾಸವಾಯಿತು. ಅಮ್ಮ ಇಲ್ಲಿದ್ದಷ್ಟು ದಿನ ಆಕೆ ಗಂಡನನ್ನು ಕರೆದುಕೊಂಡು ನಮ್ಮ ಮನೆಗೆ ಆಗಾಗ ಬರುತ್ತಿದ್ದರು. ಆಕೆಗೂ ಅಮ್ಮನಿಗೂ ಪರಸ್ಪರರ ಭಾಷೆ ಬರದು. ನನ್ನ ಮಗಳು ಇಬ್ಬರ ನಡುವೆ ಕುಳಿತು, ಅಜ್ಜಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಆಕೆ ಹೇಳಿದ್ದನ್ನು ಕನ್ನಡಕ್ಕೆ ತರಲು ಮಾತ್ರ ನನ್ನನ್ನು ಕೂಗುತ್ತಿದ್ದಳು. ಹೆಚ್ಚಿನ ಹೊತ್ತು ಇಬ್ಬರೂ ಸುಮ್ಮನೆ ಹುರುಳಿಕಾಯಿ ಮುರಿಯುತ್ತ ಕೂರುತ್ತಿದ್ದರು. ಆತ ನಮ್ಮ ಹಿತ್ತಲಿನಲ್ಲಿ ನಿಧಾನವಾಗಿ ಸುತ್ತು ಹಾಕುತ್ತಿದ್ದರು.

ಅಮ್ಮ ಮೈಸೂರಿಗೆ ಮರಳಿದ ಚಳಿಗಾಲದಲ್ಲಿ ಆತನನ್ನು ಒಂದು ಆರೈಕೆಯ ಮನೆಗೆ ಸೇರಿಸಬೇಕಾಯಿತು. ಫೋನಿನಲ್ಲಿ ಅಮ್ಮನಿಗೆ ತಿಳಿಸಿದೆ. ಅವಳು ಆತನ ಬಗ್ಗೆ ಏನೂ ಕೇಳಲಿಲ್ಲ.

"ಆಯಮ್ಮ ಸಾಯಂಕಾಲ ಹೊತ್ತು ಏನು ಮಾಡ್ತಾಳೆ?" ಎಂದಳು.

ಗೊತ್ತಿಲ್ಲ ಎಂದೆ.

"ಊಟಕ್ಕೆ ಕರಿ. ಮಧ್ಯಾಹ್ನ ಅಲ್ಲ, ಸಾಯಂಕಾಲಾನೇ ಕರಿ."

ಕರೆದೆ. ಆಕೆ ಬಂದು ಸಾರನ್ನ ತಿಂದು, ಮಳೆಯ ಬಗ್ಗೆ, ನನ್ನ ಮಗಳ ಶಾಲೆಯ ಬಗ್ಗೆ ಮಾತಾಡಿದರು. ಹೊರಡುವಾಗ ಬಾಗಿಲಲ್ಲಿ ಬೂಟಿನ ದಾರ ಕಟ್ಟಿಕೊಳ್ಳುತ್ತ, ಪ್ರವಾಸ ಯಾವಾಗ ಎಂದು ಕೇಳಿ ಜನ ಇನ್ನೂ ಫೋನ್ ಮಾಡುತ್ತಾರೆ ಎಂದರು. ನೀವು ಏನು ಹೇಳುತ್ತೀರಿ ಎಂದೆ.

"ಈ ವರ್ಷ ಇಲ್ಲ ಅನ್ನುತ್ತೇನೆ" ಎಂದು ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಕಾರಿನ ಕಡೆ ನಡೆದರು.