ಬುಧವಾರದ ಮನೆಯ ಶಿವರುದ್ರಮ್ಮ

ಮಧುಗಿರಿಯಲ್ಲಿ ನಾನು ಹೈಸ್ಕೂಲು ಓದಿದ್ದು ಏಳು ಮನೆಗಳ ವಾರಾನ್ನ ತಿಂದುಕೊಂಡು, ದಿನಕ್ಕೊಂದು ಮನೆ. ಸೋಮವಾರದ ಮನೆಯ ಸಾರು ನೀರಿಗಿಂತ ತೆಳುವಾಗಿರುತ್ತಿತ್ತು. ಶನಿವಾರದ ಮನೆಯ ಮುದ್ದೆ ನಿಂಬೆಹಣ್ಣಿನ ಗಾತ್ರ. ಆ ಮನೆಗಳ ಹೆಸರು ಹೇಳುವುದಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದು. ಬುಧವಾರದ ಶಿವರುದ್ರಮ್ಮನವರ ಹೆಸರನ್ನು ಮಾತ್ರ ಹೇಳಲೇಬೇಕು.

ಅವರು ಮಂಡಿ ವ್ಯಾಪಾರದ ಚಂದ್ರಶೇಖರಯ್ಯನವರ ಹೆಂಡತಿ. ಹಣೆತುಂಬ ವಿಭೂತಿ, ಓದಲು ಒಂದಕ್ಷರವೂ ಬಾರದು, ಹುಡುಗರನ್ನು ಓದಿಸುವ ಹುಚ್ಚು ಮಾತ್ರ ವಿಪರೀತ. ಅವರ ಮನೆಯಲ್ಲಿ ಉಣ್ಣುವ ಮುಂಚೆ ಆ ವಾರ ಕಲಿತ ಪಾಠವನ್ನು ಅವರಿಗೆ ತಿಳಿಯುವ ಹಾಗೆ ಹೇಳಬೇಕಿತ್ತು. ತಿಳಿದರೆ ಮುದ್ದೆಗೆ ತುಪ್ಪ. ತಿಳಿಯದಿದ್ದರೆ ತುಪ್ಪದ ಮಿಳ್ಳೆ ಗೂಡು ಬಿಟ್ಟು ಇಳಿಯುತ್ತಿರಲಿಲ್ಲ.

ಈ ಕಟ್ಟಳೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕ್ಲಾಸಿಗೇ ಮೊದಲನೆಯವನು ನಾನು, ಪುರವರದ ರೇಣುಕಯ್ಯ! ಇಡೀ ಪುಸ್ತಕವನ್ನು ಉಸಿರು ಕಟ್ಟಿ ಒಪ್ಪಿಸುತ್ತಿದ್ದೆ. ಅವರು ಕೊನೆಯವರೆಗೂ ಕೇಳಿ, "ಬಲೇ ಚೆನ್ನಾಗಿ ಒಪ್ಪಿಸ್ದೆ ಕಣ್ಲಾ. ಅದ್ಸರಿ, ಯಾಕಂಗೆ?" ಅನ್ನುತ್ತಿದ್ದರು. ಯಾಕೆ ಎನ್ನುವುದನ್ನು ನಾನು ಬಾಯಿಪಾಠ ಮಾಡಿರಲಿಲ್ಲ. ಒಣಮುದ್ದೆ ನುಂಗಿ ಎದ್ದು ಬರುತ್ತಿದ್ದೆ.

ನನ್ನ ಜೊತೆ ಉಣ್ಣುತ್ತಿದ್ದವನು ಪಾವಗಡದ ಕಡೆಯ ಸಿದ್ದಗಂಗಯ್ಯ. ಮಹಾ ನಿಧಾನಸ್ಥ. ಮೇಷ್ಟ್ರ ಪ್ರಶ್ನೆಗೆ ಅವನು ಬಾಯಿ ತೆರೆಯುವಷ್ಟರಲ್ಲಿ ಗಂಟೆ ಹೊಡೆದಿರುತ್ತಿತ್ತು. ಶಿವರುದ್ರಮ್ಮನವರ ಮುಂದೆ ಕೂತರೆ ಮಾತ್ರ ಒಲೆಯ ಬೂದಿ ಹರಡಿ, ಬೆರಳಲ್ಲಿ ಗೆರೆ ಎಳೆದು, ರೇಖಾಗಣಿತವನ್ನೆಲ್ಲ ಹೇಳುತ್ತಿದ್ದ. ಉಮೇದು ಏರಿದರೆ ಅವನೂರಿನ ತೆಲುಗು ನುಗ್ಗಿಬರುತ್ತಿತ್ತು: "ಅರ್ಥಮೈಂದಾ ಅಮ್ಮಾ?"

"ಇಲ್ಲ ಕಣಪ್ಪ, ಇನ್ನೊಂದ್ ಕಿತ ಹೇಳು," ಅನ್ನುವರು ಅವರು. ಅವನು ಮತ್ತೆ ಹೇಳುವನು. ನನ್ನ ಮುದ್ದೆ ಆರಿ ಕಲ್ಲಾಗುತ್ತಿತ್ತು.

ಎಸ್.ಎಸ್.ಎಲ್.ಸಿ. ವರ್ಷ ಬಂತು. ಸರ್ಕಾರಿ ಪರೀಕ್ಷೆಗೆ ಯಾರನ್ನು ಕಳಿಸಬೇಕೆಂದು ಶಾಲೆಯಲ್ಲೇ ಮೊದಲೊಂದು ಪರೀಕ್ಷೆ ಮಾಡಿ ಪಟ್ಟಿ ಹಾಕುತ್ತಿದ್ದರು. ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಪರೀಕ್ಷೆಯೂ ಇಲ್ಲ, ಕಾಲೇಜೂ ಇಲ್ಲ. ಹೆಸರು ಬರದಿದ್ದರೆ ಬಂದು ನೇಗಿಲು ಹಿಡಿ ಎಂದು ಸಿದ್ದಗಂಗಯ್ಯನ ಅಪ್ಪ ಮೊದಲೇ ಹೇಳಿಕಳಿಸಿದ್ದರು. ಪಟ್ಟಿಯಲ್ಲಿ ನನ್ನ ಹೆಸರು ಮೊದಲನೆಯದು. ಅವನ ಹೆಸರೇ ಇರಲಿಲ್ಲ.

ಕಾರಣವನ್ನು ಹೆಡ್‌ಮಾಸ್ಟರ್ ಸಂಜೀವಯ್ಯನವರು ಕ್ಲಾಸಿನಲ್ಲೇ ಓದಿ ಹೇಳಿದರು. ತ್ರಿಭುಜದ ಮೂರು ಕೋನ ಸೇರಿದರೆ ಎರಡು ಲಂಬಕೋನಕ್ಕೆ ಸಮ ಎಂದು ಸಾಧಿಸಿ ಅಂದರೆ, ಈ ಮಹಾರಾಯ ಬರೆದಿದ್ದ: "ಅಮ್ಮಾ, ಒಂದು ಮೂರುಮೂಲೆ ರೊಟ್ಟಿ ಇದೆ ಅಂದುಕೊಳ್ಳಿ." ಹಾಳೆಯ ಕೊನೆಗೆ, "ಅರ್ಥಮೈಂದಾ ಅಮ್ಮಾ?"

"ನಾನು ಇವನಿಗೆ ಅಮ್ಮನೇನೋ?" ಎಂದು ಹೆಡ್‌ಮಾಸ್ಟರು ಗುಡುಗಿದರು. ಗೇಲಿ ಮಾಡಿದ್ದಾನೆಂದು ಇಡೀ ಗಣಿತದ ಪತ್ರಿಕೆಗೇ ಸೊನ್ನೆ ಸುತ್ತಿದ್ದರು. ಕ್ಲಾಸೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಪಾಪ, ಹೆದರಿಕೆಗೆ ಕೈ ಓಡದೆ, ಎದುರಿಗೆ ಶಿವರುದ್ರಮ್ಮನವರೇ ಕೂತಿದ್ದಾರೆ ಅಂದುಕೊಂಡು ಬರೆದಿದ್ದನಂತೆ.

ಆ ಬುಧವಾರ ಅವನು ತಟ್ಟೆ ಮುಟ್ಟಲಿಲ್ಲ. ವಿಷಯವನ್ನು ಉಪ್ಪುಖಾರ ಹಚ್ಚಿ ಹೇಳಿದವನು ನಾನು. ಶಿವರುದ್ರಮ್ಮ ರಾಗಿರೊಟ್ಟಿಯೊಂದನ್ನು ಮೂರು ಮೂಲೆಯಾಗಿ ತಟ್ಟಿ ಬೇಯಿಸಿದರು. ಬಟ್ಟೆಯಲ್ಲಿ ಸುತ್ತಿ, ತಲೆಗೆ ಸೆರಗು ಹೊದ್ದು, "ನಡೀರ್ಲಾ ಇಬ್ರೂ," ಅಂದರು.

ಹೆಡ್‌ಮಾಸ್ಟರ ಮೇಜಿನ ಮೇಲೆ ರೊಟ್ಟಿ ಇಟ್ಟು, ಮೂರು ಮೂಲೆಗಳನ್ನೂ ಮುರಿದು, ಚೂಪು ತುದಿಗಳು ಒಂದೆಡೆ ಸೇರುವಂತೆ ಪಕ್ಕಪಕ್ಕ ಜೋಡಿಸಿದರು. ಕೆಳಗಿನ ಅಂಚು ನೇರ ಗೆರೆಯಾಯಿತು.

"ನೋಡಿ ಸ್ವಾಮಿ. ನಮ್ ಹುಡ್ಗ ಬರ್ದಿರೋದ್ರಲ್ಲಿ ತಪ್ಪೇನೈತೆ?"

ಸಂಜೀವಯ್ಯನವರು ಕನ್ನಡಕ ತೆಗೆದರು. "ಇದು ಸಾಧನೆಯಲ್ಲ ತಾಯಿ. ಈ ಒಂದು ರೊಟ್ಟಿಗೆ ಸರಿಹೋಯಿತು, ಅಷ್ಟೆ."

"ನಾನೂ ಇಷ್ಟೇ ಸಾಕು ಅಂದಿದ್ದೆ. ಇವ್ನೇ ಬುಡ್ಲಿಲ್ಲ. ಒಂದ್ ರೊಟ್ಟಿಗಾದ್ರೆ ಸಾಲ್ದಮ್ಮ, ಲೋಕದಾಗಿರೋ ರೊಟ್ಟಿಗೆಲ್ಲ ಆಗ್ಬೇಕು ಅಂದ."

ಹೀಗೆಂದವರೇ ಸೀಮೆಸುಣ್ಣ ತಗೊಂಡು ಬೋರ್ಡಿನ ಮೇಲೆ ತ್ರಿಭುಜ ಬರೆದರು. ದಿನಾ ರಂಗೋಲಿ ಇಟ್ಟ ಕೈ. ಗೆರೆ ಹೆಡ್‌ಮಾಸ್ಟರ ಗೆರೆಗಿಂತ ನೆಟ್ಟಗಿತ್ತು. ನೆತ್ತಿಯ ಮೇಲೆ, ತಳದ ಗೆರೆಗೆ ಸಮಾಂತರವಾಗಿ ಇನ್ನೊಂದು ಎಳೆದರು. "ಈ ಕೆಳಗಿನ ಮೂಲೆ ಇದ್ದಷ್ಟೇ ಈ ಮೇಲಿನ್ದು. ಆ ಕಡೇದೂ ಅಂಗೇ. ಮಧ್ಯದ್ದು ಇದ್ದಲ್ಲೇ ಐತೆ. ಮೂರೂ ಸೇರಿ ನೆಟ್ಟಗಿನ ಗೆರೆ ಆಯ್ತಲ್ಲ ಸ್ವಾಮಿ!"

ಹೆಡ್‌ಮಾಸ್ಟರು ಉತ್ತರದ ಹಾಳೆ ತೆಗೆಸಿದರು. ರೊಟ್ಟಿಯ ಮಾತು ಕಂಡೊಡನೆ ಸಿಟ್ಟಾಗಿ ಕೊನೆಗೆ ಹಾರಿಬಿಟ್ಟಿದ್ದರು. ನಡುವೆ ಇದೆಲ್ಲ ಒಂದೂ ಬಿಡದೆ ಇತ್ತು.

"ಇದನ್ನು ನಿಮಗೆ ಹೇಳಿಕೊಟ್ಟವನು ಇವನೇ?"

"ಮತ್ತಿನ್ಯಾರು? ನೀವೇನ್ ನಮ್ಮನೇಗೆ ಊಟಕ್ ಬಂದಿದ್ರಾ?"

ಸಂಜೀವಯ್ಯನವರು ದೊಡ್ಡ ಮನುಷ್ಯರು. ನಕ್ಕುಬಿಟ್ಟರು. ಪಟ್ಟಿಯ ಕೊನೆಗೆ ಸಿದ್ದಗಂಗಯ್ಯನ ಹೆಸರು ಬರೆದು ಸಹಿ ಹಾಕಿದರು. ಅವನು ಗೋಡೆ ಕಡೆ ತಿರುಗಿಕೊಂಡು ಕಣ್ಣೊರೆಸಿಕೊಂಡ. ಹೆಡ್‌ಮಾಸ್ಟರು ನನ್ನ ಕಡೆ ಬೆರಳು ಮಾಡಿ, "ರೇಣುಕಯ್ಯನೂ ನಿಮ್ಮ ಶಿಷ್ಯನೇ ಅಲ್ಲವೇ? ಕ್ಲಾಸಿಗೇ ಮೊದಲು. ಇವನ ವಿಷಯ ಏನಂತೀರಿ?" ಅಂದರು.

ನಾನು ಹೊಗಳಿಸಿಕೊಳ್ಳಲು ಎದೆ ಸೆಟೆಸಿ ನಿಂತೆ.

"ಇವನ ಯೋಚ್ನೆ ಬುಡಿ ಸ್ವಾಮಿ," ಅಂದರು ಶಿವರುದ್ರಮ್ಮ, ರೊಟ್ಟಿಯ ಚೂರು ಬಟ್ಟೆಗೆ ಕಟ್ಟಿಕೊಳ್ಳುತ್ತ. "ಇವ್ನು ಪಾಸಾಗ್ತಾನೆ. ಅವ್ನು ಕಲೀತಾನೆ."

ಎರಡೂ ಸುಳ್ಳಾಗಲಿಲ್ಲ. ಅವನು ಮೈಸೂರಿನ ಕಾಲೇಜು ಸೇರಿ, ಮುಂದೆ ಅಲ್ಲೇ ಗಣಿತ ಹೇಳಿಕೊಡುವ ಮೇಷ್ಟ್ರಾದ. ನಾನು ಎಲ್ಲ ಪರೀಕ್ಷೆಯನ್ನೂ ಪಾಸು ಮಾಡಿ ತಾಲ್ಲೂಕು ಕಚೇರಿಯ ಗುಮಾಸ್ತನಾದೆ. ಆದರೆ ಆವತ್ತು ನನಗಾದ ನಾಚಿಕೆ ಇನ್ನೆಂದೂ ಆಗಿಲ್ಲ. ಮುಂದಿನ ಬುಧವಾರ ಪುಸ್ತಕ ಬಿಡಾರದಲ್ಲೇ ಬಿಟ್ಟು ಹೋಗಿ ಅವರ ಮುಂದೆ ಕೂತೆ. ಒಲೆಯ ಬೂದಿ ಹರಡಿ ಬೆರಳಲ್ಲಿ ಗೆರೆ ಎಳೆದೆ; ಯಾಕೆ ಎನ್ನುವಲ್ಲಿಗೆ ಬಂದು ಬೆರಳು ನಿಂತಿತು. ಅವರು ಒಲೆ ಆರಿಸಿ ಬಂದು, ನನ್ನ ಎದುರಿಗೇ ಕಾಲು ಮಡಚಿ ಕೂತು, "ಇನ್ನೊಂದ್ ಕಿತ ಹೇಳು," ಅಂದರು.