ಬರಿಗಾಲಿನ ಪ್ರದಕ್ಷಿಣೆ

ನಿಮಿಷಾಂಬೆಯನ್ನು ನಂಬಿದ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಅಮೆರಿಕದ ಮೌಂಟನ್ ವ್ಯೂನಿಂದ ಲಲಿತಾ ಮಾಡುವ ನಮಸ್ಕಾರ. ತಾಯಿ ನನಗೆ ಮಾಡಿದ್ದನ್ನು ನಾಲ್ಕು ಜನರಿಗೆ ಹೇಳುತ್ತೇನೆಂದು ಹರಕೆ ಹೊತ್ತಿದ್ದೆ. ಬರೆಯುವ ಅಭ್ಯಾಸವಿಲ್ಲ, ಎದುರಿಗೆ ಕೂತು ಹೇಳುವ ಹಾಗೆಯೇ ಬರೆಯುತ್ತೇನೆ.

ಕಳೆದ ವರ್ಷ ನನ್ನ ಮಗಳು ಸಿರಿಯನ್ನು ಅತ್ತೆಯವರ ಜೊತೆ ಮಂಡ್ಯಕ್ಕೆ ಕಳಿಸುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಆಗ ಅವಳಿನ್ನೂ ಅಂಬೆಗಾಲಿಡುವ ಕೂಸು. ಟಿಕೆಟ್ಟೂ ಆಗಿಹೋಯಿತು. ಕಾರಣ ನನ್ನ ಎಡಗಾಲು. ಮೊಣಕಾಲಿನ ಕೆಳಗೆ ನನಗೆ ಕಾಲಿಲ್ಲ, ಕೃತಕ ಕಾಲು ಹಾಕಿಕೊಂಡು ನಡೆಯುತ್ತೇನೆ. ಸಿರಿಯನ್ನು ಎತ್ತಿಕೊಂಡು ಅಡುಗೆಮನೆಯಲ್ಲಿ ಹಿಂದಕ್ಕೆ ವಾಲಿ ಬಿದ್ದೆ. ಅವಳ ಹಣೆ ಕೌಂಟರಿನ ಅಂಚಿಗೆ ತಗುಲಿ ಹೊಲಿಗೆ ಹಾಕಿಸಬೇಕಾಯಿತು.

ಕಾಲು ಹೋದದ್ದು ಹೇಗೆಂದು ಮೊದಲು ಹೇಳುತ್ತೇನೆ. ಮದುವೆಯಾದ ಹೊಸತರಲ್ಲಿ ನಮ್ಮವರು ಸೈನ್ಯದಲ್ಲಿದ್ದರು, ಜಮ್ಮು ಕಡೆಯ ಗಡಿ ಊರಿನಲ್ಲಿ ನಮಗೆ ಕ್ವಾರ್ಟರ್ಸು ಕೊಟ್ಟಿದ್ದರು. ಶುಕ್ರವಾರದ ಪೂಜೆಗೆ ಹೂವು ಕೀಳಲು ನಾನು ಹಳ್ಳದ ದಡಕ್ಕೆ ಹೋಗುತ್ತಿದ್ದೆ. ಊರಿನ ಹೆಂಗಸರೂ ಹುಲ್ಲಿಗೆ, ಸೌದೆಗೆ ಅದೇ ದಾರಿಯಲ್ಲಿ ಓಡಾಡುತ್ತಿದ್ದರು. ಅಲ್ಲಿ ಯುದ್ಧ ಮುಗಿದಾಗ ನಾನು ತೊಟ್ಟಿಲಲ್ಲಿದ್ದೆ. ಆಗ ಹೂತಿಟ್ಟ ನೆಲಬಾಂಬು ಮಾತ್ರ ಮುಗಿದಿರಲಿಲ್ಲ. ಮಳೆಗೆ ಮಣ್ಣು ಜಾರಿ ಮೇಲಿನ ಹೊಲದಿಂದ ಕೆಳಗಿಳಿದು ಬಂದಿತ್ತಂತೆ. ನಾನು ತುಳಿದೆ.

ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿದ್ದವಳು ಕಮಲಾ, ಹುಲ್ಲು ಕೊಯ್ಯಲು ಹೋಗಿ ಕಾಲು ಕಳೆದುಕೊಂಡವಳು. ಕಾಲು ಹೋದ ಗಂಡಸರನ್ನು ನೋಡಲು ಬಂದವರು ಧೈರ್ಯ ಹೇಳಿ ಬೆನ್ನು ತಟ್ಟಿ ಹೋಗುತ್ತಿದ್ದರು. ನಮ್ಮ ಹತ್ತಿರ ಬಂದವರು ಮಾತ್ರ ‘ಅಲ್ಲಿಗೆ ಯಾಕೆ ಹೋಗಿದ್ದೆ?’ ಎಂದು ಕೇಳುತ್ತಿದ್ದರು. ಹುಲ್ಲಿರುವ ಕಡೆ ಹೋಗದೆ ಅವಳು ಇನ್ನೆಲ್ಲಿಗೆ ಹೋಗಬೇಕಿತ್ತೋ ನನಗಂತೂ ಇವತ್ತಿಗೂ ತಿಳಿದಿಲ್ಲ. ಗಾಯ ಮಾಗುವ ಮೊದಲೇ ಕಮಲಾಳ ಗಂಡ ಅವಳನ್ನು ತವರಿಗೆ ಕಳಿಸಿದ, ಮಕ್ಕಳನ್ನು ತಾನೇ ಇಟ್ಟುಕೊಂಡ. ಒಂಟಿಕಾಲಿನವಳು ಮಕ್ಕಳನ್ನು ಹೇಗೆ ಸಾಕುತ್ತಾಳೆ ಎಂಬುದು ಅವನ ಮಾತು. ಅದನ್ನು ಕೇಳಿದ ದಿನ ಅವಳು ಆಸ್ಪತ್ರೆಯ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ನಮ್ಮವರು ಹಾಗೆ ಮಾಡಲಿಲ್ಲ. ಸೈನ್ಯ ಬಿಟ್ಟು ಕಂಪ್ಯೂಟರ್ ಕಲಿತರು. ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ವೈಟುಕೆ ಗಲಾಟೆಯಲ್ಲಿ ಎಲ್ಲರಿಗೂ ಕೆಲಸ ಸಿಗುತ್ತಿದ್ದ ಕಾಲ, ಇವರಿಗೂ ರೆಡ್‌ವುಡ್ ಸಿಟಿಯಲ್ಲಿ ಸಿಕ್ಕಿತು. ಇಲ್ಲಿ ಬಂದ ಮೇಲೆ ಸಿರಿ ಹುಟ್ಟಿದಳು. ಇನ್ಶೂರೆನ್ಸಿನಲ್ಲಿ ನನಗೆ ಹೊಸ ಕಾಲೂ ಬಂತು. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಆದರೆ ಹಾಕಿಕೊಂಡ ದಿನದಿಂದಲೂ ಮನೆಯಲ್ಲಿ ನಡೆದರೆ ದಿಬ್ಬ ಹತ್ತಿದ ಹಾಗೆ, ಯಾರೋ ಹಿಂದಕ್ಕೆ ಎಳೆದ ಹಾಗೆ ಆಗುತ್ತಿತ್ತು. ಅಭ್ಯಾಸವಾಗುತ್ತದೆ ಎಂದುಕೊಂಡು ಸುಮ್ಮನಿದ್ದೆ.

ಮಗುವಿಗೆ ಪೆಟ್ಟಾದ ಸಂಜೆ ನಮ್ಮವರು ಮೆತ್ತಗೆ ಹೇಳಿದರು: “ಲಲಿತಾ, ಎರಡೇ ವರ್ಷ. ನಾನು ಆಫೀಸಿನಲ್ಲಿ ಕೂತ್ಕೊಂಡು ನೀನೆಲ್ಲಿ ಬಿದ್ಯೋ ಅಂತ ಯೋಚ್ನೆ ಮಾಡ್ಕೊಂಡು ಇರೋಕಾಗಲ್ಲ. ಅಮ್ಮ ನೋಡ್ಕೋತಾರೆ.”

ಅತ್ತೆಯೂ ಹೇಳಿದರು: “ನಾನೇನು ಮಗೀನ ಕಿತ್ಕೊಂಡ್ ಓಯ್ತಿಲ್ಲ ಕಣವ್ವ. ನಡ್ಯಂಗಾದ್ಮೇಲೆ ಕರ್ಕೊಂಡ್ ಬಂದ್ಬುಡ್ತೀನಿ.”

ಇಬ್ಬರೂ ಒಳ್ಳೆಯವರೇ. ಅದೇ ಕಷ್ಟವಾಗಿದ್ದು. ಕಮಲಾಳ ಗಂಡ ಗದರಿ ಹೇಳಿದ್ದನ್ನೇ ಇವರು ಪ್ರೀತಿಯಿಂದ ಹೇಳುತ್ತಿದ್ದರು, ಜಗಳವಾಡೋಣವೆಂದರೆ ಹಿಡಿ ಸಿಗುತ್ತಿರಲಿಲ್ಲ. ಅತ್ತೆ ಸೂಟ್‌ಕೇಸಿನಲ್ಲಿ ಸಿರಿಯ ಫ್ರಾಕುಗಳನ್ನು ಮಡಿಸಿಡುವುದನ್ನು ನೋಡಲಾರದೆ ನಾನು ದೇವರ ಗೂಡಿನ ಮುಂದೆ ಕೂತು ಕಣ್ಣೀರು ಹಾಕಿದೆ. ‘ನೀನೂ ತಾಯಿ ತಾನೆ? ಹೋದ ಕಾಲನ್ನು ನಾನು ಕೇಳುವುದಿಲ್ಲ. ಕೂಸನ್ನು ನನ್ನ ಹತ್ತಿರ ಬಿಡು’ ಎಂದೆ. ತಾಯಿಯ ಮೇಲೆ ಸಿಟ್ಟೂ ಬಂದಿತ್ತು, ಅದನ್ನೂ ಹೇಳಿದೆ. ನಿನ್ನ ಪೂಜೆಗೆ ಹೂವು ತರಲು ಹೋಗಿಯೇ ಅಲ್ಲವೇ ನಾನು ಹೀಗಾದದ್ದು ಎಂದೆ.

ಮರುವಾರ ಕತ್ತರಿಸಿದ ಕಾಲಿನ ತುದಿಯಲ್ಲಿ ಹುಣ್ಣಾಗಿ ಸ್ಯಾನ್ ಮಟಿಯೋದಲ್ಲಿರುವ ಕ್ಲಿನಿಕ್ಕಿಗೆ ಟ್ರೈನಿನಲ್ಲಿ ಹೋದೆ. ಕಾಯುವ ಕೋಣೆಯಲ್ಲಿ ತಲೆಗೆ ಬಟ್ಟೆ ಸುತ್ತಿದ್ದ ಒಬ್ಬ ಹೆಂಗಸು ಇದ್ದರು. ನನ್ನನ್ನು ನೋಡಿ ಹಿಂದಿಯಲ್ಲಿ ಮಾತಾಡಿಸಿದರು. ಹೆಸರು ಜಮೀಲಾ, ಊರು ಅಫ್ಘಾನಿಸ್ತಾನ, ಈಗ ಮನೆ ಫ್ರೀಮಾಂಟಿನಲ್ಲಿ. ಹಿಂದಿ ಎಲ್ಲಿ ಕಲಿತಿರಿ ಎಂದರೆ, ಸಿನಿಮಾದಲ್ಲಿ ಎಂದು ನಕ್ಕರು. ನೀರು ತರಲು ಹೋದಾಗ ಅವರ ಬಲಗಾಲು ಹೋಗಿತ್ತು.

“ನೀವು?” ಎಂದರು.

“ಹೂವು ತರೋಕೆ ಹೋಗಿದ್ದೆ.”

ಅಲ್ಲಿಗೆ ಯಾಕೆ ಹೋಗಿದ್ದೆ ಎಂದು ಅವರು ಕೇಳಲಿಲ್ಲ. ನನ್ನ ಕೈ ಹಿಡಿದುಕೊಂಡರು. ನಾನು ಮಗುವಿನ ವಿಷಯವನ್ನೆಲ್ಲ ಹೇಳಿಕೊಂಡುಬಿಟ್ಟೆ.

“ರಸ್ತೆಯಲ್ಲಿ ಬಿದ್ದಿದ್ದೀರಾ?” ಎಂದು ಕೇಳಿದರು.

ಯೋಚಿಸಿದೆ. ರಸ್ತೆಯಲ್ಲಿ ಒಮ್ಮೆಯೂ ಬಿದ್ದಿರಲಿಲ್ಲ. “ಇಲ್ಲ, ಮನೆಯಲ್ಲೇ.”

“ಮನೆಯಲ್ಲಿ ಚಪ್ಪಲಿ ಹಾಕ್ತೀರಾ?”

“ಅಯ್ಯೋ, ದೇವರಿರೋ ಮನೆ. ಚಪ್ಪಲಿ ಬಾಗಿಲ ಹೊರಗೇ.”

“ನನಗೂ ಹಾಗೇ ಆಗಿತ್ತು. ನಮಾಜಿಗೆ ಬೂಟು ಬಿಚ್ಚಿದರೆ ಸಾಕು, ಬೀಳ್ತಿದ್ದೆ. ಕಾಲು ಮಾಡೋರಿಗೆ ನೀವು ಯಾವ ಬೂಟು ತೋರಿಸಿದ್ರಿ?”

ಆಗ ನೆನಪಾಯಿತು. ಅಳತೆಯ ದಿನ, ನೀವು ಹೆಚ್ಚಾಗಿ ಹಾಕುವ ಬೂಟು ತನ್ನಿ ಎಂದಿದ್ದರು. ನಾನು ದಿನವಿಡೀ ಬರಿಗಾಲಿನಲ್ಲಿರುವವಳು. ಆಸ್ಪತ್ರೆಗೆ ಹಳೇ ಚಪ್ಪಲಿ ಒಯ್ದರೆ ಏನಂದುಕೊಳ್ಳುತ್ತಾರೋ ಎಂದು, ಅದಕ್ಕೆಂದೇ ಹಿಮ್ಮಡಿ ಎತ್ತರದ ಹೊಸ ಕಪ್ಪು ಬೂಟು ಕೊಂಡು ಒಯ್ದಿದ್ದೆ. ಆ ಹಿಮ್ಮಡಿಗೆ ಸರಿಯಾಗಿ ಅವರು ಪಾದವನ್ನು ಜೋಡಿಸಿದ್ದರು. ಹೊರಗೆ ಹೋಗುವಾಗ ಅದನ್ನೇ ಹಾಕುತ್ತಿದ್ದರಿಂದ ರಸ್ತೆಯಲ್ಲಿ ಬೀಳುತ್ತಿರಲಿಲ್ಲ. ಮನೆಯಲ್ಲಿ ಬೂಟು ಬಿಚ್ಚಿದೊಡನೆ ಹಿಮ್ಮಡಿ ಕೆಳಗಾಗಿ ನಾನು ಹಿಂದಕ್ಕೆ ವಾಲುತ್ತಿದ್ದೆ. ಅವರ ಲೆಕ್ಕದಲ್ಲಿ ಜನ ಮನೆಯೊಳಗೂ ಬೂಟು ಹಾಕುತ್ತಾರೆ, ನನ್ನ ಲೆಕ್ಕದಲ್ಲಿ ಮನೆಯೊಳಗೆ ಬರಿಗಾಲೆಂದು ಬೇರೆ ಹೇಳಬೇಕೇ?

ಒಳಗೆ ಹೋಗಿ ಹೇಳಿದೆ. ಕಾಲು ಜೋಡಿಸುವ ಬ್ರಯನ್ ನನ್ನನ್ನು ಬರಿಗಾಲಿನಲ್ಲಿ ನಡೆಸಿ ನೋಡಿದ. “ದಿನವಿಡೀ ಹೀಗೇನಾ?” ಎಂದು ಕೇಳಿ, ಪಾದದ ಮೇಲಿನ ತಿರುಪನ್ನು ಸಡಿಲಿಸಿ ಕೋನ ಬದಲಿಸಿದ. ಹೊರಗೆ ಹೋಗುವಾಗ ಚಪ್ಪಟೆ ಅಟ್ಟೆಯ ಚಪ್ಪಲಿ ಹಾಕು ಎಂದ. ಎದ್ದು ನಿಂತೆ. ಹಿಂದಕ್ಕೆ ಎಳೆಯುತ್ತಿದ್ದ ಕೈ ಬಿಟ್ಟಿತ್ತು. ಹೊರಗೆ ಬಂದು ಜಮೀಲಾರನ್ನು ತಬ್ಬಿಕೊಂಡೆ.

ಮನೆಯಲ್ಲಿ ಬಾಯಿಮಾತಿಗೆ ಯಾರು ನಂಬುತ್ತಾರೆ? ಹುಣ್ಣು ಒಣಗುವವರೆಗೆ ಕಾದೆ. ಅತ್ತೆ ಹೊರಡುವ ಹಿಂದಿನ ಶುಕ್ರವಾರ ಎಲ್ಲರೂ ಇಲ್ಲಿನ ದೇವಸ್ಥಾನಕ್ಕೆ ಹೋದೆವು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸಿರಿಯನ್ನು ಸೊಂಟಕ್ಕೆತ್ತಿಕೊಂಡು ಅಮ್ಮನವರ ಸುತ್ತ ಪ್ರದಕ್ಷಿಣೆ ಶುರುಮಾಡಿದೆ. ನಮ್ಮವರು “ಲಲಿತಾ” ಎಂದು ಅಲ್ಲೇ ನಿಂತರು. ಅತ್ತೆ ಎರಡೂ ಕೈ ಚಾಚಿಕೊಂಡು ಹಿಂದೆಯೇ ಬಂದರು. ಮೊದಲ ಸುತ್ತಿನಲ್ಲಿ ಅವರ ಬೆರಳು ನನ್ನ ಸೆರಗಿಗೆ ತಾಗುತ್ತಿತ್ತು. ಎರಡನೆಯದರಲ್ಲಿ ತಾಗಲಿಲ್ಲ. ಮೂರನೆಯದರಲ್ಲಿ ತಿರುಗಿ ನೋಡಿದರೆ ಅವರು ಕಂಬದ ಹತ್ತಿರ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು.

ಮನೆಗೆ ಬಂದವರೇ ಸೂಟ್‌ಕೇಸಿನಿಂದ ಫ್ರಾಕುಗಳನ್ನು ತೆಗೆದು ಮಂಚದ ಮೇಲಿಟ್ಟರು. “ಅವ್ವ ಇರಾಗ ಮಗು ಅಜ್ಜಿ ತಾವ ಯಾಕಿರ್ಬೇಕು” ಎಂದರು, ನನಗಲ್ಲ, ಮಗನಿಗೆ. ಖಾಲಿಯಾದ ಜಾಗಕ್ಕೆ ಬಾದಾಮಿ ತುಂಬಿಕೊಂಡು ಒಬ್ಬರೇ ವಿಮಾನ ಹತ್ತಿದರು.

ತಿರುಪು ತಿರುಗಿಸಿದವನು ಬ್ರಯನ್, ಇದರಲ್ಲಿ ದೇವಿಯದೇನು ಎಂದು ನಮ್ಮವರ ಸ್ನೇಹಿತರೊಬ್ಬರು ಕೇಳಿದರು. ನಾನು ಹೇಳುವುದಿಷ್ಟೇ: ತಿರುಪು ಮೊದಲಿನಿಂದಲೂ ಅಲ್ಲೇ ಇತ್ತಲ್ಲ. ನನ್ನ ಹಾಗೆಯೇ ಬಾಗಿಲಲ್ಲಿ ಚಪ್ಪಲಿ ಬಿಡುವ, ನನ್ನ ಹಾಗೆಯೇ ಬಿದ್ದೆದ್ದ ಹೆಂಗಸನ್ನು ಅದೇ ದಿನ ಅದೇ ಕೋಣೆಯಲ್ಲಿ ಕೂರಿಸಿದವಳು ತಾಯಿ. ಅವಳ ಮೇಲೆ ಸಿಟ್ಟು ಮಾಡಿಕೊಂಡಿದ್ದೆನಲ್ಲ, ಆ ಸಿಟ್ಟಿಗೂ ಅವಳು ಕಿವಿಗೊಟ್ಟಳು.

ಸಿರಿ ಈಗ ಓಡುತ್ತಾಳೆ, ನಾನು ಹಿಂದೆ ಓಡುತ್ತೇನೆ. ನನ್ನ ಹರಕೆ ಇಲ್ಲಿಗೆ ತೀರಿತು. ಆದರೆ ಕಮಲಾಳ ಮಕ್ಕಳು ಅವಳ ಹತ್ತಿರ ಬಂದರೋ ಇಲ್ಲವೋ ನನಗೆ ಗೊತ್ತಿಲ್ಲ. ಇದನ್ನು ಓದಿದವರು ಶುಕ್ರವಾರ ದೀಪ ಹಚ್ಚುವಾಗ ಅವಳ ಹೆಸರನ್ನೂ ಒಮ್ಮೆ ತಾಯಿಯ ಕಿವಿಗೆ ಹಾಕಿ.