ವ್ರತದ ದಿನದ ಕೋರಿ ರೊಟ್ಟಿ

ಬೆಟ್ಟಂಪಾಡಿಯ ಉದಯಶಂಕರ ಕೆಲಸಕ್ಕೆ ಗಟ್ಟಿಗ. ಕೊಳವೆಬಾವಿಯ ಪಂಪು ಕೆಟ್ಟರೆ ಮೇಲೆತ್ತಿ ಸರಿಮಾಡುವುದು ಅವನ ಕಸುಬು. ಪುತ್ತೂರು, ಸುಳ್ಯ, ಕಡಬ, ಎಲ್ಲಿಂದ ಫೋನು ಬಂದರೂ ಅಲಿ ಕುಂಞಿಯ ಪಿಕಪ್ಪಿನಲ್ಲಿ ಪೈಪು, ಹಗ್ಗ ಹೇರಿಕೊಂಡು ಹೊರಡುತ್ತಾನೆ. ಇಪ್ಪತ್ತಾರು ವರ್ಷಗಳಿಂದ ಇಬ್ಬರದ್ದೂ ಒಂದೇ ದಾರಿ, ಒಂದೇ ಊಟದ ಮೇಜು. ಉದಯಶಂಕರನಿಗೆ ಬಾರದ ವಿದ್ಯೆ ಒಂದೇ, ಬಾಯಿ ಕಟ್ಟುವುದು.

ಶಿರಾಡಿ ಕಡೆ ಕೆಲಸ ಬಿದ್ದರೆ ಗುಂಡ್ಯದ ಹೋಟೆಲಿನಲ್ಲೇ ಊಟ. ಅಲ್ಲಿಯ ಕೋರಿ ರೊಟ್ಟಿಯೆಂದರೆ ಅವನಿಗೆ ಪ್ರಾಣ. ಗರಿಗರಿ ರೊಟ್ಟಿಯ ಮೇಲೆ ಕೋಳಿಸಾರು ಸುರಿದು, ಅದು ಮೆತ್ತಗಾಗುವ ಮೊದಲೇ ಅರ್ಧ ಮುಗಿಸಿಬಿಡುವ ಆಸಾಮಿ.

ಕಳೆದ ಫೆಬ್ರವರಿಯಲ್ಲಿ ಕುಟುಂಬದ ದೈವದ ನೇಮಕ್ಕೆ, ಅಂದರೆ ವರ್ಷದ ಕೋಲಕ್ಕೆ, ದಿನ ಗೊತ್ತಾಯಿತು. ದೈವದ ಆಭರಣ, ಆಯುಧಗಳ ಭಂಡಾರವನ್ನು ತಲೆಯ ಮೇಲೆ ಹೊತ್ತು ತರುವ ಮರ್ಯಾದೆ ಮೊದಲ ಬಾರಿಗೆ ಅವನ ಪಾಲಿಗೆ ಬಂದಿತ್ತು. ಹೊರುವವನು ನೇಮಕ್ಕೆಂದು ಬಾಳೆಗೊನೆ ಕಡಿದ ದಿನದಿಂದ ನೇಮ ಮುಗಿಯುವವರೆಗೆ ಮೀನು ಮಾಂಸ ಮುಟ್ಟಬಾರದು. ಐದು ದಿನ ಹೇಗೋ ಕಳೆದ. ಆರನೆಯ ದಿನ ಕೊಂಬಾರಿನಲ್ಲಿ ಪಂಪು ಎತ್ತಿ, ಬೆನ್ನು ಮುರಿದುಹೋಗುವಷ್ಟು ದುಡಿದು ಬರುವಾಗ ಗುಂಡ್ಯ ಸಿಕ್ಕಿತು.

ನೆಲ್ಯಾಡಿಗೆ ಹೋಗಿ ಸಸ್ಯಾಹಾರಿ ಹೋಟೆಲಿನಲ್ಲಿ ಉಣ್ಣುವ ಎಂದು ಅಲಿ ಕುಂಞಿ ಅಂದ. ಬರೀ ಚಹಾ ಕುಡಿದು ಹೋಗುವ ಎಂದು ಉದಯಶಂಕರ ಅವನನ್ನು ಒಳಗೆ ಎಳೆದ. ಒಳಗೆ ಸಾರಿನ ಪರಿಮಳ ಮೂಗಿಗೆ ಬಡಿದದ್ದೇ ತಡ, ಕೋರಿ ರೊಟ್ಟಿ ಹೇಳಿಯೇಬಿಟ್ಟ. ಇಲ್ಲಿ ನಮ್ಮನ್ನು ಯಾರು ನೋಡುವುದು ಎಂದು ನಕ್ಕ.

ಅಲಿ ಕುಂಞಿ ನಗಲಿಲ್ಲ. "ನೋಡುವವರಿಗೋಸ್ಕರ ಮಾಡುದಾ ವ್ರತ? ನಾನು ಉಪವಾಸ ಹಿಡಿದಾಗ ನೀನು ನನ್ನೆದುರು ಒಂದು ಹನಿ ನೀರು ಕುಡಿದವನಲ್ಲ ಮಾರಾಯ. ಇವತ್ತು ನಾನೂ ಬೇಳೆಸಾರೇ ತಿನ್ನುದು, ನೀನೂ ಅದನ್ನೇ ತಿನ್ನು." ಹಾಗೆಂದು ಎರಡು ತಟ್ಟೆ ಚಪಾತಿ, ಬೇಳೆಸಾರು ತರಿಸಿದ. ಉದಯಶಂಕರ ತನ್ನ ಪಾಲಿನದನ್ನೂ ಗೆಳೆಯನ ಕಡೆಗೆ ತಳ್ಳಿ ರೊಟ್ಟಿ ಮುರಿದ.

ನಾಲ್ಕು ತುತ್ತು ಇಳಿದಿರಬಹುದು. ಬಾಗಿಲಲ್ಲಿ ಅವನ ಸೋದರಮಾವ, ಕುಟುಂಬದ ಯಜಮಾನರು, ನಿಂತಿದ್ದರು. ನೇಮದ ಆಮಂತ್ರಣ ಕೊಡಲು ಸಕಲೇಶಪುರಕ್ಕೆ ಹೋಗಿದ್ದವರು ಘಾಟಿ ಇಳಿದು ಚಹಾಕ್ಕೆಂದು ನಿಲ್ಲಿಸಿದ್ದರು.

"ಇದೆಂತ ಉದಯ?"

ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ತಲೆಯ ಮೇಲೆ ಬರಬೇಕಿದ್ದ ಭಂಡಾರ ಕೈತಪ್ಪಿ ಹೋಗುತ್ತದೆಂದು ಹೆದರಿ ಅವನು ಗೆಳೆಯನ ಕಡೆಗೆ ಬೆರಳು ತೋರಿಸಿದ. "ಇವನೇ ಒತ್ತಾಯ ಮಾಡಿದ್ದು ಮಾವ. ಬೇಡ ಅಂದ್ರೂ ಕೇಳ್ಲಿಲ್ಲ" ಎಂದುಬಿಟ್ಟ.

ಅಲಿ ಕುಂಞಿಯ ಎದುರು ಎರಡು ತಟ್ಟೆ ಬೇಳೆಸಾರು ಇತ್ತು. ಯಜಮಾನರಿಗೆ ಅದು ಕಾಣಲಿಲ್ಲ, ಅಥವಾ ಕಾಣುವ ಮನಸ್ಸಿರಲಿಲ್ಲ. ಅಲಿ ಕುಂಞಿ ಗೆಳೆಯನ ಮುಖವನ್ನೊಮ್ಮೆ ನೋಡಿ ಎದ್ದು ನಿಂತ.

"ಹೌದು ಯಜಮಾನ್ರೆ. ತಪ್ಪು ನಂದೇ."

ಯಜಮಾನರು ಅವನನ್ನು ನಾಲ್ಕು ಜನರೆದುರು ಬೈದರು. ನೇಮದ ಸೀಯಾಳ ನಿನ್ನ ಅಜ್ಜನ ಕಾಲದಿಂದ ನಿಮ್ಮ ಮನೆಯಿಂದಲೇ ಬರುವುದು, ಅಂಥವನು ಹೀಗೆ ಮಾಡಬಹುದೇ ಎಂದರು. ಈ ಸಲ ನೇಮಕ್ಕೆ ಬರುವುದು ಬೇಡ ಎಂದರು. ಅಳಿಯನಿಗೆ ಮಾತ್ರ, ಮಿಂದು ದೈವಕ್ಕೆ ತಪ್ಪುಕಾಣಿಕೆ ಇಟ್ಟರೆ ಸಾಕೆಂದು ದಾರಿ ತೋರಿಸಿದರು. ಉದಯಶಂಕರ ತಲೆ ತಗ್ಗಿಸಿ ಕುಳಿತ. ತಟ್ಟೆಯಲ್ಲಿ ರೊಟ್ಟಿ ಮೆತ್ತಗಾಗಿ ಮುದ್ದೆಯಾಗಿತ್ತು.

ಪಿಕಪ್ಪು ಮನೆ ಹತ್ತಿರ ಬಂದಾಗ ಉದಯಶಂಕರ, ನಾಳೆಯೇ ಹೋಗಿ ಮಾವನಿಗೆ ಸತ್ಯ ಹೇಳುತ್ತೇನೆ ಎಂದ. ಅಲಿ ಕುಂಞಿ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ:

"ನೀನು ಹೇಳುದಿಲ್ಲ. ನನಗೆ ಗೊತ್ತುಂಟು."

ಅವನು ಹೇಳಲಿಲ್ಲ. ನಾಳೆ, ನಾಡಿದ್ದು ಎಂದು ಎಣಿಸುತ್ತ, ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿದ್ದರೂ ಹೇಳಲಿಲ್ಲ.

ನೇಮದ ದಿನ ಸೀಯಾಳ ಬಂತು. ತಂದವನು ಅಲಿ ಕುಂಞಿಯ ಮಗ ಫಯಾಝ್. ಇಳಿಸಿಟ್ಟು, ಚಹಾ ಕೂಡ ಕುಡಿಯದೆ ಹೊರಟುಹೋದ. ಉದಯಶಂಕರ ಭಂಡಾರ ಹೊತ್ತು ಬಂದ. ಹೆಂಡತಿ ಕುಮುದಿನಿ ಹೆಮ್ಮೆಯಿಂದ ಕಣ್ಣೊರೆಸಿಕೊಂಡಳು. ಅದನ್ನು ಕಂಡು ಅವನಿಗೆ ನೆಲಕ್ಕಿಳಿದು ಹೋಗುವಷ್ಟು ನಾಚಿಕೆಯಾಯಿತು.

ಕೋಲ ಕಟ್ಟಿದವನ ಮೈಮೇಲೆ ಬಂದ ದೈವ ಪ್ರತಿವರ್ಷದಂತೆ ಕೇಳಿತು, ನನ್ನ ಊರಿನವರೆಲ್ಲ ಬಂದು ಸೇರಿದ್ದಾರಾ ಎಂದು. ಉತ್ತರ ಹೇಳಬೇಕಾದವನು ಭಂಡಾರ ಹೊತ್ತವನು. ಅಲಿ ಕುಂಞಿ ಯಾವಾಗಲೂ ನಿಲ್ಲುತ್ತಿದ್ದ ಹಲಸಿನ ಮರದ ಬುಡದ ಕಡೆಗೆ ಅವನ ಕಣ್ಣು ಹೋಯಿತು.

"ಬಂದಿದ್ದಾರೆ" ಎಂದ.

ಅದು ಎರಡನೆಯ ಸುಳ್ಳು. ಈ ಸಲ ಎದ್ದು ನಿಂತು ತಪ್ಪು ನನ್ನದು ಎನ್ನಲು ಅಲಿ ಕುಂಞಿ ಅಲ್ಲಿರಲಿಲ್ಲ.